ಕಡತ, ಬಸ್ಸು, ಸನ್ಮಾನ: ಯಾರ ಮನೆಗೆ ಯಾವ ನಗೆಚಿತ್ರ

ಹನುಮಂತನಗರದಲ್ಲಿ ನಮ್ಮ ಮನೆಯ ತಾರಸಿ ಮೇಲೆ ತಿಂಗಳಿಗೊಂದು ಶನಿವಾರ ಸಿನಿಮಾ ಹಾಕುತ್ತೇವೆ. ಎಸ್.ಪಿ. ರೋಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್, ಸುಣ್ಣ ಬಳಿದ ನೀರಿನ ಟ್ಯಾಂಕಿನ ಗೋಡೆ, ಎರಡು ಜಮಖಾನ, ಮಂಡಿನೋವಿನವರಿಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಬರುವವರು ಹತ್ತು ಹನ್ನೆರಡು ಮಂದಿ: ನಮ್ಮ ದೊಡ್ಡಮ್ಮ, ಸಾಫ್ಟ್‌ವೇರ್ ಕಂಪನಿಯಲ್ಲಿರುವ ಭಾವ, ಅಕ್ಕ, ಅಕ್ಕನ ಮಗಳು, ಪಕ್ಕದ ಮನೆಯ ರಿಟೈರಾದ ಮೇಷ್ಟ್ರು, ಅವರ ಮೊಮ್ಮಕ್ಕಳು. ದೊಡ್ಡಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅಕ್ಕನ ಮಗಳು ಪಕ್ಕದಲ್ಲಿ ಕೂತು ಸಬ್‌ಟೈಟಲ್‌ಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳುತ್ತಾ ಹೋಗುತ್ತಾಳೆ. ಯಾವ ಸಿನಿಮಾ ಹಾಕಬೇಕು ಅಂತ ತೀರ್ಮಾನ ಮಾಡುವಾಗ ಈ ಇಬ್ಬರನ್ನು ಕಣ್ಣ ಮುಂದೆ ಇಟ್ಟುಕೊಳ್ಳುತ್ತೇನೆ.

ಹೊರದೇಶದ ನಗೆಚಿತ್ರ ಹುಡುಕುವವರು ಸಾಮಾನ್ಯವಾಗಿ ಪ್ರಶಸ್ತಿ ನೋಡುತ್ತಾರೆ, ರೇಟಿಂಗ್ ನೋಡುತ್ತಾರೆ, ದೇಶ ನೋಡುತ್ತಾರೆ. ಮೊದಮೊದಲು ನಾನೂ ಹಾಗೇ ಆರಿಸುತ್ತಿದ್ದೆ. ಈಗ ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಈ ಸಿನಿಮಾದವರು ಪಡುವ ಪಾಡನ್ನು ನಮ್ಮ ತಾರಸಿಯಲ್ಲಿ ಕೂತವರು ತಮ್ಮ ಜೀವನದಲ್ಲಿ ಪಟ್ಟಿದ್ದಾರಾ? ಪಟ್ಟಿದ್ದರೆ ಊರು ಹವಾನಾ ಆಗಲಿ, ಕೈರೋ ಆಗಲಿ, ಯಾರೂ ವಿವರಿಸಬೇಕಾಗಿಲ್ಲ. ಇನ್ನೆರಡು ಪ್ರಶ್ನೆ ಆಮೇಲೆ. ನಗು ಮಾತಿನಲ್ಲಿದೆಯೋ, ಕಣ್ಣಿಗೆ ಕಾಣುವ ಪ್ರಸಂಗದಲ್ಲಿದೆಯೋ? ಮಾತಿನಲ್ಲಿದ್ದರೆ ಓದಿ ಹೇಳುವ ಹುಡುಗಿಗೆ ಉಸಿರು ಬಿಡಲು ಸಮಯ ಸಿಗುವುದಿಲ್ಲ. ಮತ್ತೆ, ಕೊನೆ ಎಷ್ಟು ಕತ್ತಲೆಗೆ ಹೋಗುತ್ತದೆ? ವಿಡಂಬನೆ ಅಂದಮೇಲೆ ನಕ್ಕು ಎದ್ದು ಹೋಗುವ ಹಾಗೆ ಮುಗಿಯುವುದು ಕಡಿಮೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಇಲ್ಲಿ ಬರೆದಿರುವುದು ಆ ಮೂರು ಪ್ರಶ್ನೆ ಹಿಡಿದು ತೂಗಿ ನೋಡಿದ ಸಿನಿಮಾಗಳ ಬಗ್ಗೆ.

ಕಾಗದಪತ್ರಕ್ಕಾಗಿ ಅಲೆದವರಿಗೆ

ಇಲ್ಲಿ ಮೂರು ಸಿನಿಮಾ ಎದುರುಬದುರು ನಿಲ್ಲುತ್ತವೆ. ಕ್ಯೂಬಾದ ‘ಡೆತ್ ಆಫ್ ಎ ಬ್ಯೂರೋಕ್ರಾಟ್’, ಈಜಿಪ್ಟಿನ ‘ಟೆರರಿಸಂ ಅಂಡ್ ಕಬಾಬ್’, ಜಾರ್ಜಿಯಾದ ‘ಬ್ಲೂ ಮೌಂಟನ್ಸ್’. ಮೂರರದ್ದೂ ಒಂದೇ ವಸ್ತು, ಕಚೇರಿ. ಆದರೆ ಮೂರೂ ಮೂರು ಬಗೆಯ ನೋಡುಗರಿಗೆ.

ಕ್ಯೂಬಾದ ಸಿನಿಮಾ 1966ರದು, ತೊಮಾಸ್ ಗುತಿಯೆರೆಸ್ ಅಲೆಯಾ ನಿರ್ದೇಶನ. ಕಪ್ಪುಬಿಳುಪು, ಒಂದೂವರೆ ಗಂಟೆಗೂ ಕಡಿಮೆ. ಮಾದರಿ ಕಾರ್ಮಿಕ ಅನ್ನಿಸಿಕೊಂಡಿದ್ದವನೊಬ್ಬ ತೀರಿಕೊಳ್ಳುತ್ತಾನೆ. ಕ್ಯೂಬಾದ ರಾಷ್ಟ್ರನಾಯಕ ಹೊಸೆ ಮಾರ್ತಿಯ ಪ್ರತಿಮೆಗಳನ್ನು ಒಂದರ ಹಿಂದೆ ಒಂದು ಉದುರಿಸುವ ಯಂತ್ರ ಕಂಡುಹಿಡಿದವನು ಅವನು, ಸಾಯುವುದೂ ಅದೇ ಯಂತ್ರಕ್ಕೆ ಸಿಕ್ಕಿ. ಗೌರವದ ಸಂಕೇತ ಅಂತ ಅವನ ಕಾರ್ಮಿಕ ಕಾರ್ಡನ್ನೂ ಜೊತೆಗೇ ಹೂಳುತ್ತಾರೆ. ಹೆಂಡತಿ ಪಿಂಚಣಿ ಕೇಳಲು ಹೋದರೆ ಆ ಕಾರ್ಡೇ ಬೇಕು ಅನ್ನುತ್ತಾರೆ. ಹೂತ ಹೆಣ ತೆಗೆಯಲು ಅಪ್ಪಣೆ ಬೇಕು, ಅಪ್ಪಣೆ ಸಿಗುವುದಿಲ್ಲ. ತಮ್ಮನೋ ಅಣ್ಣನೋ ಅಲ್ಲ, ಪಾಪ, ಒಬ್ಬ ಸಾಧು ಸ್ವಭಾವದ ಸೋದರಳಿಯ ರಾತ್ರಿ ಹೊತ್ತು ಪೆಟ್ಟಿಗೆ ತೆಗೆಸುತ್ತಾನೆ. ಕಾರ್ಡೇನೋ ಸಿಕ್ಕಿತು. ಆದರೆ ಮತ್ತೆ ಹೂಳಲು ಹೋದರೆ ಸ್ಮಶಾನದ ಅಧಿಕಾರಿ ಒಪ್ಪುವುದಿಲ್ಲ. ದಾಖಲೆಯ ಪ್ರಕಾರ ಆ ಮನುಷ್ಯ ಆಗಲೇ ಮಣ್ಣಿನೊಳಗಿದ್ದಾನೆ!

ಈ ದೃಶ್ಯ ಬಂದಾಗ ದೊಡ್ಡಮ್ಮ ಕಾಫಿ ಲೋಟ ಪಕ್ಕಕ್ಕಿಟ್ಟು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ, ಯಾರನ್ನೂ ನೋಡದೆ ಗೋಡೆ ಕಡೆಗೇ ಮುಖ ಇಟ್ಟುಕೊಂಡು, ‘ನಿಮ್ಮ ದೊಡ್ಡಪ್ಪ ತೀರಿಕೊಂಡ ವರ್ಷ ನಂಗೂ ಹೀಗೇ ಕಣೋ. ಕಮಲಾ ಬೇರೆ, ಕಮಲಮ್ಮ ಬೇರೆ ಅಂದ್ಬಿಟ್ರು. ಏಳು ತಿಂಗಳು ಅಲೆದೆ’ ಅಂದರು. ಯಾವ ಕಚೇರಿ ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಪ್ರತಿ ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಲು ಅವರನ್ನು ಆಟೋದಲ್ಲಿ ಕರೆದುಕೊಂಡು ಹೋಗುವವನು ನಾನೇ. ಆ ಏಳು ತಿಂಗಳ ಮಾತು ನನಗೆ ಅವತ್ತೇ ಗೊತ್ತಾದದ್ದು. ಬೇರೆ ಭಾಷೆಯ, ಅರುವತ್ತು ವರ್ಷ ಹಿಂದಿನ ಸಿನಿಮಾ ಒಂದು ಅವರೊಳಗಿಂದ ಅದನ್ನು ಹೊರಗೆ ತೆಗೆಯಿತು. ಈ ಸಿನಿಮಾವನ್ನು ನಾನು ಎಲ್ಲರಿಗಿಂತ ಮೊದಲು ಹೇಳುವುದಕ್ಕೆ ಇದೇ ಕಾರಣ.

ಇನ್ನೊಂದು ಕಾರಣವೂ ಇದೆ. ಅಲೆಯಾ ಈ ಸಿನಿಮಾವನ್ನು ಅರ್ಪಿಸಿರುವವರ ಪಟ್ಟಿಯಲ್ಲಿ ಲಾರೆಲ್-ಹಾರ್ಡಿ, ಮೂಕಿಚಿತ್ರಗಳ ನಗೆನಟ ಬಸ್ಟರ್ ಕೀಟನ್, ಸ್ಪೇನಿನ ನಿರ್ದೇಶಕ ಬುನ್ಯುವೆಲ್ ಎಲ್ಲ ಇದ್ದಾರೆ. ಅಂದರೆ ನಗು ಬಹುಪಾಲು ಮೈಕೈಯಲ್ಲಿದೆ. ಶುರುವಿನ ಹೆಸರುಗಳೇ ಸರ್ಕಾರಿ ಕಾಗದದ ಧಾಟಿಯಲ್ಲಿ ಟೈಪ್ ಆಗುತ್ತಾ ಬರುತ್ತವೆ. ಸ್ಮಶಾನದ ಗೇಟಿನಲ್ಲಿ ನಡೆಯುವ ಹೊಡೆದಾಟಕ್ಕೆ ಸಬ್‌ಟೈಟಲ್ ಬೇಕಾಗಿಲ್ಲ, ಮೇಷ್ಟ್ರ ಆರು ವರ್ಷದ ಮೊಮ್ಮಗ ಎದ್ದು ನಿಂತು ಚಪ್ಪಾಳೆ ಹೊಡೆದ. ಕೊನೆ ಮಾತ್ರ ಕಠೋರ. ತಾಳ್ಮೆ ಕಳೆದುಕೊಂಡ ಸಾಧು ಮನುಷ್ಯ ಏನು ಮಾಡಬಲ್ಲ ಅನ್ನುವುದನ್ನು ಅದು ಮುಚ್ಚುಮರೆ ಇಲ್ಲದೆ ತೋರಿಸುತ್ತದೆ.

‘ಟೆರರಿಸಂ ಅಂಡ್ ಕಬಾಬ್’ 1992ರದು. ನಿರ್ದೇಶಕ ಶರೀಫ್ ಅರಾಫಾ, ಬರೆದವರು ವಹೀದ್ ಹಾಮಿದ್, ನಾಯಕ ಆದೆಲ್ ಇಮಾಮ್. ಅರಬ್ ಜಗತ್ತಿನಲ್ಲಿ ಆದೆಲ್ ಇಮಾಮ್ ಹೆಸರು ಗೊತ್ತಿಲ್ಲದವರಿಲ್ಲ, ನಮ್ಮಲ್ಲಿ ಕೇಳಿದವರೇ ಅಪರೂಪ. ಮಕ್ಕಳನ್ನು ಮನೆಗೆ ಹತ್ತಿರದ ಶಾಲೆಗೆ ವರ್ಗ ಮಾಡಿಸಬೇಕು, ಅಷ್ಟೇ ಅವನ ಆಸೆ. ಅದಕ್ಕಾಗಿ ಕೈರೋದ ತಹ್ರೀರ್ ಚೌಕದಲ್ಲಿರುವ ಮುಗಮ್ಮ ಅನ್ನುವ, ಆಗ ಸರ್ಕಾರಿ ಕಚೇರಿಗಳಿದ್ದ ಭಾರಿ ಕಟ್ಟಡಕ್ಕೆ ದಿನಾ ಅಲೆಯುತ್ತಾನೆ. ಒಬ್ಬ ಗುಮಾಸ್ತ ಸೀಟಲ್ಲಿ ಇರುವುದಿಲ್ಲ, ಇನ್ನೊಬ್ಬ ಪ್ರಾರ್ಥನೆಯಿಂದ ಏಳುವುದಿಲ್ಲ. ತಳ್ಳಾಟದಲ್ಲಿ ಕಾವಲು ಪೊಲೀಸನ ಬಂದೂಕು ಇವನ ಕೈಗೆ ಬರುತ್ತದೆ, ಗುಂಡು ಹಾರುತ್ತದೆ, ನೋಡನೋಡುತ್ತಲೇ ಇವನು ಭಯೋತ್ಪಾದಕ. ಕಟ್ಟಡದ ಸುತ್ತ ಪಡೆ ಬಂದು ನಿಲ್ಲುತ್ತದೆ. ಬೇಡಿಕೆ ಏನು ಅಂತ ಮಂತ್ರಿ ಕೇಳಿದರೆ ಒಳಗಿದ್ದವರು ಕೇಳುವುದು ಕಬಾಬ್. ಒತ್ತೆಯಾಳುಗಳೂ ಸೇರಿ ಕೂತು ತಿನ್ನುತ್ತಾರೆ.

ಮೈಸೂರು ಬ್ಯಾಂಕ್ ಸರ್ಕಲ್ ಕಡೆಯಿಂದ ಅಂಬೇಡ್ಕರ್ ವೀಧಿಯ ಎಂ.ಎಸ್. ಬಿಲ್ಡಿಂಗಿಗೆ ಕಡತ ಹಿಡಿದು ನಡೆದವರಿಗೆ ಈ ಕಟ್ಟಡದ ಮೆಟ್ಟಿಲುಗಳು ಹೊಸವೇನೂ ಅಲ್ಲ. ಜನ ಇಲ್ಲಿ ನಮ್ಮ ಹಾಗೇ ಜೋರಾಗಿ ಮಾತಾಡುತ್ತಾರೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಾರೆ. ತೊಂದರೆಯೂ ಅದೇ, ನಗೆಯೆಲ್ಲ ಮಾತಿನಲ್ಲಿದೆ. ಓದಿ ಹೇಳಬೇಕಾದವರಿದ್ದರೆ ಇದು ಕಷ್ಟ. ಎಲ್ಲರೂ ತಾವೇ ಓದಿಕೊಳ್ಳಬಲ್ಲ ಗುಂಪಾದರೆ ಕ್ಯೂಬಾದ್ದಕ್ಕಿಂತ ಇದೇ ಹೆಚ್ಚು ಹಿಡಿಸಬಹುದು. ಏಕೆಂದರೆ ಕ್ಯೂಬಾದವನು ಒಂಟಿ, ಅವನ ಕಡೆಗೆ ಯಾರೂ ಬರುವುದಿಲ್ಲ. ಕೈರೋದವನ ಸುತ್ತ ಜನ ಕೂಡುತ್ತಾ ಹೋಗುತ್ತಾರೆ, ತಮ್ಮ ತಮ್ಮ ಅಹವಾಲು ಹೇಳಿಕೊಳ್ಳುತ್ತಾರೆ, ಕೊನೆಗೆ ಅವನನ್ನು ಕಾಪಾಡುವವರೂ ಅವರೇ. ಮನಸ್ಸು ಹಗುರವಾಗಿ ಎದ್ದು ಹೋಗಬೇಕು ಅನ್ನುವವರು ಕೈರೋ ಆರಿಸಿ.

‘ಬ್ಲೂ ಮೌಂಟನ್ಸ್’ 1983ರದು, ಜಾರ್ಜಿಯಾ ಆಗ ಸೋವಿಯತ್ ಒಕ್ಕೂಟದ ಭಾಗ. ನಿರ್ದೇಶಕ ಎಲ್ದಾರ್ ಶೆಂಗೆಲಾಯ. ಲೇಖಕನೊಬ್ಬ ತನ್ನ ಕಾದಂಬರಿಯ ಹಸ್ತಪ್ರತಿ ಹಿಡಿದು ಪ್ರಕಾಶನ ಸಂಸ್ಥೆಗೆ ಬರುತ್ತಾನೆ. ಎಲ್ಲರೂ ನಗುತ್ತಾ ಮಾತಾಡಿಸುತ್ತಾರೆ, ಕೂರಿಸುತ್ತಾರೆ. ಓದುವವರು ಮಾತ್ರ ಯಾರೂ ಇಲ್ಲ. ಋತುಗಳು ಉರುಳುತ್ತವೆ, ಗೋಡೆಯ ಬಿರುಕು ದೊಡ್ಡದಾಗುತ್ತಾ ಹೋಗುತ್ತದೆ, ತಲೆಯ ಮೇಲೆ ಬೀಳಬಹುದಾದ ಚಿತ್ರಪಟವೊಂದನ್ನು ತೆಗೆಸಿ ಅಂತ ಒಬ್ಬ ಗೋಗರೆಯುತ್ತಲೇ ಇರುತ್ತಾನೆ. ಇಲ್ಲಿ ಕೆಟ್ಟವರು ಯಾರೂ ಇಲ್ಲ. ಅದೇ ಈ ಸಿನಿಮಾದ ಶಕ್ತಿ. ಅದೇ ಮಾತು, ಅದೇ ಕಾರಿಡಾರು ಮತ್ತೆ ಮತ್ತೆ ಬರುತ್ತವೆ, ಆ ಪುನರಾವರ್ತನೆಯೇ ನಗು ತರಿಸಬೇಕು. ನಮ್ಮ ತಾರಸಿಯಲ್ಲಿ ಅರ್ಧ ಜನಕ್ಕೆ ನಿದ್ದೆ ಬಂತು. ಭಾವ ಮಾತ್ರ ಕೊನೆಯವರೆಗೂ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ‘ನಮ್ಮ ಸೋಮವಾರದ ಮೀಟಿಂಗ್ ಇದು’ ಅಂದರು. ಹಾಗಾಗಿ ಇದು ಗುಂಪಿಗಲ್ಲ, ಕಚೇರಿ ಕೆಲಸದವರು ಒಬ್ಬರೋ ಇಬ್ಬರೋ ಕೂತು ನೋಡಲು.

ದೊಡ್ಡವರು ಬರುತ್ತಾರೆ ಅಂದಾಗ

ದೊಡ್ಡ ಮನುಷ್ಯರು ಬರುವ ಹಿಂದಿನ ರಾತ್ರಿ ರಸ್ತೆಗೆ ಟಾರು ಬೀಳುವುದನ್ನು ನೋಡದ ಬೆಂಗಳೂರಿಗರು ಇದ್ದಾರೆಯೇ? ಗುಂಡಿ ಮುಚ್ಚುತ್ತವೆ, ಫುಟ್‌ಪಾತಿನ ಅಂಚಿಗೆ ಕಪ್ಪುಬಿಳುಪು ಬಣ್ಣ ಬೀಳುತ್ತದೆ, ವಿಭಜಕದ ಮೇಲೆ ಹೂವಿನ ಕುಂಡ ಬರುತ್ತವೆ. ಈ ಅನುಭವ ಇದ್ದವರಿಗೆ ಎರಡು ಸಿನಿಮಾ ಕಾದಿವೆ. ಎರಡನ್ನೂ ಒಂದರ ಹಿಂದೊಂದು ನೋಡಿದರೆ ಇನ್ನೂ ಒಳ್ಳೆಯದು.

ಸ್ಪೇನಿನ ‘ವೆಲ್ಕಮ್ ಮಿಸ್ಟರ್ ಮಾರ್ಷಲ್’ 1953ರದು, ನಿರ್ದೇಶಕ ಲೂಯಿಸ್ ಗಾರ್ಸಿಯಾ ಬೆರ್ಲಾಂಗಾ. ಎರಡನೇ ಮಹಾಯುದ್ಧದ ನಂತರ ಯುರೋಪನ್ನು ಎತ್ತಿ ನಿಲ್ಲಿಸಲು ಅಮೆರಿಕ ಮಾರ್ಷಲ್ ಯೋಜನೆಯಡಿ ಹಣ ಕೊಡುತ್ತಿತ್ತು. ಆ ಅಮೆರಿಕನ್ನರು ನಮ್ಮೂರಿನ ಮೇಲೆ ಹಾದು ಹೋಗುತ್ತಾರೆ ಅಂತ ವಿಯಾರ್ ದೆಲ್ ರಿಯೊ ಅನ್ನುವ ಕಲ್ಪಿತ ಹಳ್ಳಿಗೆ ಸುದ್ದಿ ಬರುತ್ತದೆ. ಅಮೆರಿಕನ್ನರ ಕಣ್ಣಲ್ಲಿ ಸ್ಪೇನ್ ಅಂದರೆ ದಕ್ಷಿಣದ ಆಂದಲೂಸಿಯಾ ಪ್ರಾಂತ್ಯ, ಅಲ್ಲಿನ ಫ್ಲಮೆಂಕೊ ಕುಣಿತ. ಹಾಗಾಗಿ ಹಳ್ಳಿಯವರು ತಮ್ಮ ಊರಿಗೇ ವೇಷ ಹಾಕಿಸುತ್ತಾರೆ. ಮನೆಗಳ ಮುಂದೆ ಸುಳ್ಳು ಮುಂಭಾಗ ನಿಲ್ಲಿಸುತ್ತಾರೆ, ರೈತರು ಅಗಲ ಅಂಚಿನ ಟೋಪಿ ಹಾಕುತ್ತಾರೆ. ಒಬ್ಬೊಬ್ಬರೂ ಸಾಲಿನಲ್ಲಿ ನಿಂತು ತಮಗೆ ಏನು ಬೇಕು ಅಂತ ಒಂದೊಂದು ಆಸೆ ಬರೆಸುತ್ತಾರೆ. ಕಿವಿ ಮಂದವಾದ ಮೇಯರ್ ಬಾಲ್ಕನಿಯಲ್ಲಿ ನಿಂತು, ನಿಮಗೆ ಒಂದು ವಿವರಣೆ ಕೊಡಬೇಕಾಗಿದೆ ಅಂತ ಶುರು ಮಾಡಿ ಅದೇ ಮಾತಿನ ಸುತ್ತ ಸುತ್ತುತ್ತಲೇ ಇರುತ್ತಾನೆ. ಕೊನೆಗೆ ಕಾರುಗಳು ಬರುತ್ತವೆ, ನಿಲ್ಲದೆ ಧೂಳೆಬ್ಬಿಸಿ ಹೋಗುತ್ತವೆ. ನಿಜವಾಗಿಯೂ ಆ ಯೋಜನೆಯಲ್ಲಿ ಫ್ರಾಂಕೊನ ಸ್ಪೇನಿಗೆ ಪಾಲು ಸಿಗಲಿಲ್ಲ. ಸರ್ವಾಧಿಕಾರಿಯ ಸೆನ್ಸಾರ್ ಕೆಳಗೆ ಇಂಥ ಸಿನಿಮಾ ತೆಗೆದ ಬೆರ್ಲಾಂಗಾ ಮೇಲೆ ನನಗೆ ಅಪಾರ ಗೌರವ.

ಉರುಗ್ವೆಯ ‘ದಿ ಪೋಪ್ಸ್ ಟಾಯ್ಲೆಟ್’ 2007ರದು, ಸೀಸರ್ ಚಾರ್ಲೋನೆ ಮತ್ತು ಎನ್ರಿಕೆ ಫರ್ನಾಂಡಿಸ್ ಜೊತೆಯಾಗಿ ನಿರ್ದೇಶಿಸಿದ್ದು. ಇದರ ಹಿನ್ನೆಲೆ ನಿಜ: 1988ರ ಮೇ ತಿಂಗಳಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬ್ರೆಜಿಲ್ ಗಡಿಗೆ ಹತ್ತಿರದ ಮೆಲೊ ಅನ್ನುವ ಪುಟ್ಟ ಊರಿಗೆ ಬಂದಿದ್ದರು. ಸಾವಿರಾರು ಭಕ್ತರು ಬರುತ್ತಾರೆ ಅಂತ ಟಿವಿಯಲ್ಲಿ ಹೇಳಿದ್ದೇ ಹೇಳಿದ್ದು. ಊರಿನ ಬಡವರು ಇದ್ದಬದ್ದದ್ದನ್ನೆಲ್ಲ ಅಡವಿಟ್ಟು ತಿಂಡಿ ಅಂಗಡಿ ಹಾಕುತ್ತಾರೆ. ಗಡಿಯಾಚೆಯಿಂದ ಸೈಕಲ್ಲಿನ ಮೇಲೆ ಸಾಮಾನು ಸಾಗಿಸಿ ಹೊಟ್ಟೆ ಹೊರೆಯುವ ಬೇತೊ ಬೇರೆ ಲೆಕ್ಕ ಹಾಕುತ್ತಾನೆ. ಅಷ್ಟು ಜನ ತಿಂದ ಮೇಲೆ? ಮನೆ ಮುಂದೆ ಒಂದು ಶೌಚಾಲಯ ಕಟ್ಟಿ ಬಾಡಿಗೆಗೆ ಬಿಡಬೇಕು!

ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರೋಡಿನಲ್ಲಿ ಅಂಗಡಿ ಹಾಕುವವರನ್ನು ಪ್ರತಿ ಕಾರ್ತಿಕದಲ್ಲೂ ನೋಡುತ್ತೇವೆ. ಊರಿಂದ ಮೂಟೆ ತಂದು, ಟಾರ್ಪಾಲಿನ ಕೆಳಗೆ ಮಲಗಿ, ಮಳೆ ಬಂದರೆ ಆಕಾಶ ನೋಡುತ್ತಾ ಕೂರುವವರು. ಬೇತೊನ ಹೆಂಡತಿ, ಮಗಳು ಮಾಡುವ ಲೆಕ್ಕಾಚಾರದಲ್ಲಿ ಆ ಮುಖಗಳೇ ಕಾಣುತ್ತವೆ. ಬೇತೊ ಕೊನೆ ಗಳಿಗೆಯಲ್ಲಿ ಕಮೋಡ್ ಹೊತ್ತು ಓಡುವ ದೃಶ್ಯದಲ್ಲಿ ನಗು ಬರುತ್ತದೆ, ಗಂಟಲೂ ಕಟ್ಟುತ್ತದೆ. ಅಕ್ಕ ಆ ಹೊತ್ತಿನಲ್ಲಿ ‘ಬೇಗ ಹೋಗೋ, ಬೇಗ’ ಅಂತ ಗೋಡೆಗೆ ಹೇಳುತ್ತಿದ್ದಳು.

ಎರಡರಲ್ಲಿ ಒಂದೇ ಅಂದರೆ ನಾನು ಉರುಗ್ವೆಯದ್ದನ್ನು ಆರಿಸುತ್ತೇನೆ. ಸ್ಪೇನಿನ ಸಿನಿಮಾ ಇಡೀ ಊರನ್ನು ಸ್ವಲ್ಪ ದೂರದಿಂದ, ಕಥೆ ಹೇಳುವವನ ದನಿಯ ಮೂಲಕ ನೋಡುತ್ತದೆ. ಮಾರ್ಷಲ್ ಯೋಜನೆ ಏನು ಅಂತ ಮೊದಲೇ ಎರಡು ಮಾತು ಹೇಳದಿದ್ದರೆ ಮಕ್ಕಳಿಗೆ ಅರ್ಥವಾಗುವುದಿಲ್ಲ. ಉರುಗ್ವೆಯದು ಒಂದು ಮನೆಯೊಳಗೆ ಕೂರಿಸುತ್ತದೆ. ಆದರೆ ಸಮಯ ಕಡಿಮೆ ಇದ್ದು ನಗು ಹೆಚ್ಚು ಬೇಕಿದ್ದರೆ ಸ್ಪೇನ್, ಅದು ಒಂದು ಗಂಟೆ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ.

ಸಮಿತಿ, ಸಮಾರಂಭ, ಲಕ್ಕಿ ಡಿಪ್

ಗಣೇಶೋತ್ಸವ ಸಮಿತಿಯಲ್ಲಿ ಓಡಾಡಿದವರು, ರಾಜ್ಯೋತ್ಸವದ ವೇದಿಕೆಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಹೊಂದಿಸಿದವರು ‘ದಿ ಫೈರ್‌ಮೆನ್ಸ್ ಬಾಲ್’ ನೋಡಲೇಬೇಕು. 1967, ಚೆಕೊಸ್ಲೊವಾಕಿಯಾ, ನಿರ್ದೇಶಕ ಮಿಲೋಸ್ ಫಾರ್ಮನ್. ಬರೀ 73 ನಿಮಿಷ. ಸಣ್ಣ ಊರಿನ ಅಗ್ನಿಶಾಮಕ ದಳದವರು ಒಂದು ಸಮಾರಂಭ ಇಟ್ಟುಕೊಂಡಿದ್ದಾರೆ. 86 ವರ್ಷದ ತಮ್ಮ ಗೌರವಾಧ್ಯಕ್ಷರಿಗೆ ಕೊಡಲಿಯೊಂದನ್ನು ಕೊಟ್ಟು ಸನ್ಮಾನಿಸಬೇಕು. ಜೊತೆಗೆ ಲಾಟರಿ, ಸೌಂದರ್ಯ ಸ್ಪರ್ಧೆ. ಸಂಜೆ ಸಾಗಿದಂತೆ ಲಾಟರಿ ಮೇಜಿನಿಂದ ಬಹುಮಾನಗಳು ಒಂದೊಂದಾಗಿ ಮಾಯವಾಗುತ್ತವೆ. ಕದ್ದವರು ತಂದಿಡಲಿ ಅಂತ ದೀಪ ಆರಿಸುತ್ತಾರೆ. ದೀಪ ಹತ್ತಿದಾಗ ಸಿಕ್ಕಿಬೀಳುವವನು ಹೆಂಡತಿ ಕದ್ದದ್ದನ್ನು ವಾಪಸ್ ಇಡಲು ಬಂದ ಒಬ್ಬ ಪ್ರಾಮಾಣಿಕ. ಆಮೇಲೆ ಸಮಿತಿ ಕೂತು ಚರ್ಚಿಸುವುದು ಕಳ್ಳತನದ ಬಗ್ಗೆ ಅಲ್ಲ, ಇವನು ಯಾಕೆ ವಾಪಸ್ ಇಡಲು ಹೋಗಿ ದಳದ ಮಾನ ತೆಗೆದ ಅಂತ.

ನಡುವೆ ಊರಲ್ಲಿ ಒಬ್ಬ ಮುದುಕನ ಮನೆಗೆ ಬೆಂಕಿ ಬೀಳುತ್ತದೆ. ಎಲ್ಲರೂ ಹಿಮದಲ್ಲಿ ನಿಂತು ನೋಡುತ್ತಾರೆ. ಮುದುಕನಿಗೆ ಚಳಿ ಆಗುತ್ತದೆ ಅಂತ ಅವನ ಕುರ್ಚಿಯನ್ನು ಉರಿಯುವ ಮನೆಯ ಹತ್ತಿರಕ್ಕೆ ಸರಿಸುತ್ತಾರೆ. ಇಷ್ಟು ಕರುಣೆ, ಇಷ್ಟು ಕ್ರೌರ್ಯ ಎರಡನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿದ ದೃಶ್ಯ ನಾನು ಬೇರೆ ಕಂಡಿಲ್ಲ.

ಇಲ್ಲಿ ನಟಿಸಿದವರು ಬಹುತೇಕ ವೃತ್ತಿನಟರಲ್ಲ, ವ್ರ್‌ಖ್ಲಾಬಿ ಅನ್ನುವ ಊರಿನ ನಿಜವಾದ ಅಗ್ನಿಶಾಮಕರು. ನೊದೆಕೊಪ್ಪಲಿನ ಜನರೇ ನಟಿಸಿದ ‘ತಿಥಿ’ಯನ್ನು ಮೆಚ್ಚಿದವರಿಗೆ ಈ ಮುಖಗಳ ಸತ್ಯ ಗೊತ್ತಾಗುತ್ತದೆ. ‘ತಿಥಿ’ ಇಷ್ಟವಾಗಿದ್ದರೆ ಇದೂ ಇಷ್ಟವಾಗುತ್ತದೆ ಅಂತ ಧೈರ್ಯವಾಗಿ ಹೇಳಬಲ್ಲೆ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದ ಮೇಲೆ ಈ ಸಿನಿಮಾ ಸ್ವದೇಶದಲ್ಲಿ ನಿಷೇಧವಾಯಿತು, ಫಾರ್ಮನ್ ಅಮೆರಿಕಕ್ಕೆ ಹೋಗಿ ನೆಲೆಸಿದರು. ಮಕ್ಕಳ ಜೊತೆ ನೋಡುವವರಿಗೆ ಒಂದು ಮಾತು: ಸೌಂದರ್ಯ ಸ್ಪರ್ಧೆಯ ಭಾಗ ಮುಜುಗರ ತರಿಸಬಹುದು.

ಇದಕ್ಕೆ ಜೋಡಿಯಾಗಿ ನೋಡಬೇಕಾದದ್ದು ತೀರಾ ಹತ್ತಿರದಲ್ಲಿದೆ, ಕೇರಳದಲ್ಲಿ. ಕೆ.ಜಿ. ಜಾರ್ಜ್ ಅವರ ‘ಪಂಚವಡಿ ಪಾಲಂ’, 1984. ಗಟ್ಟಿಮುಟ್ಟಾಗಿರುವ ಹಳೇ ಸೇತುವೆ ಶಿಥಿಲವಾಗಿದೆ ಅಂತ ಪಂಚಾಯಿತಿಯವರು ಸಾಬೀತು ಮಾಡಿ, ಕೆಡವಿ, ಹೊಸದು ಕಟ್ಟಿಸುತ್ತಾರೆ. ಪಂಚಾಯಿತಿ ಅಧ್ಯಕ್ಷನ ಹೆಸರು ದುಶ್ಶಾಸನ ಕುರುಪ್, ಹೆಂಡತಿ ಮಂಡೋದರಿ. ಇಲ್ಲಿ ಎಲ್ಲವೂ ದಪ್ಪ ಗೆರೆಯ ವ್ಯಂಗ್ಯಚಿತ್ರ, ಗದ್ದಲ, ಬಣ್ಣ. ಫಾರ್ಮನ್ ಪಿಸುಗುಟ್ಟುವುದನ್ನು ಜಾರ್ಜ್ ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಾರೆ. ಮಲಯಾಳಂ ಕಿವಿಗೆ ಅರ್ಧ ಅರ್ಥವಾಗುವ ಭಾಷೆ, ದೊಡ್ಡಮ್ಮನಿಗೆ ಅಕ್ಕನ ಮಗಳು ಹೇಳಬೇಕಾದದ್ದು ಕಡಿಮೆ. ಶ್ರೀನಿವಾಸನ್ ಮಾಡಿರುವ ಅಂಗವಿಕಲನ ಪಾತ್ರವನ್ನು ಮೊದಲಿನಿಂದಲೂ ಗಮನಿಸಿ, ಇಡೀ ಸಿನಿಮಾದ ನೋವು ಅವನಲ್ಲಿದೆ. ಹಿರಿಯರು ಹೆಚ್ಚಿರುವ ಮನೆಗೆ ಜಾರ್ಜ್, ಸಿನಿಮಾ ನೋಡಿ ರೂಢಿ ಇರುವ ಗೆಳೆಯರ ಗುಂಪಿಗೆ ಫಾರ್ಮನ್.

‘ನಾನೂ ಆ ದಿನ ಅಲ್ಲಿದ್ದೆ’

ರುಮೇನಿಯಾದ ‘12:08 ಈಸ್ಟ್ ಆಫ್ ಬುಕಾರೆಸ್ಟ್’ 2006ರದು. ಕೊರ್ನೆಲಿಯು ಪೊರುಂಬೊಯು ಅವರ ಮೊದಲ ಪೂರ್ಣಪ್ರಮಾಣದ ಚಿತ್ರ, ಕಾನ್ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರಿಗೆ ಕೊಡುವ ಕ್ಯಾಮೆರಾ ದೋರ್ ಪಡೆದದ್ದು. 1989ರ ಡಿಸೆಂಬರ್ 22ರಂದು ಮಧ್ಯಾಹ್ನ 12 ಗಂಟೆ 8 ನಿಮಿಷಕ್ಕೆ ಸರ್ವಾಧಿಕಾರಿ ಚೌಷೆಸ್ಕು ಹೆಲಿಕಾಪ್ಟರ್ ಹತ್ತಿ ಓಡಿಹೋದ. ಸಿನಿಮಾದ ಊರಿನವರ ಪ್ರಶ್ನೆ ಇದು: ನಮ್ಮ ಊರಿನ ಚೌಕಕ್ಕೆ ಜನ ಬಂದದ್ದು ಆ ಗಳಿಗೆಗಿಂತ ಮೊದಲೋ ಆಮೇಲೋ? ಆಮೇಲೆ ಅಂದರೆ ನಮ್ಮೂರಲ್ಲಿ ಕ್ರಾಂತಿ ಆಗಲೇ ಇಲ್ಲ. ಹದಿನಾರು ವರ್ಷದ ನಂತರ ಲೋಕಲ್ ಟಿವಿಯಲ್ಲಿ ಇದರ ಚರ್ಚೆ. ಕುಡುಕ ಇತಿಹಾಸ ಮೇಷ್ಟ್ರು, ಕ್ರಿಸ್‌ಮಸ್ ತಾತನ ವೇಷ ಹಾಕುವ ಮುದುಕ, ಗತ್ತಿನ ನಿರೂಪಕ. ಫೋನ್ ಮಾಡಿದವರೆಲ್ಲ ಮೇಷ್ಟ್ರ ಕಥೆಯನ್ನು ಅಲ್ಲಗಳೆಯುತ್ತಾರೆ. ಎರಡನೇ ಅರ್ಧ ಪೂರ್ತಿ ಮೂವರು ಒಂದು ಮೇಜಿನ ಹಿಂದೆ ಕೂತಿರುವುದೇ. ಕೊನೆಗೆ ಮಗನನ್ನು ಕಳೆದುಕೊಂಡ ತಾಯಿಯ ಫೋನ್ ಬರುತ್ತದೆ, ಹೊರಗೆ ಹಿಮ ಬೀಳುತ್ತಿದೆ ಅನ್ನುತ್ತಾಳೆ.

ನಮ್ಮ ಪಕ್ಕದ ಮನೆ ಮೇಷ್ಟ್ರು 1982ರ ಗೋಕಾಕ್ ಚಳವಳಿಯಲ್ಲಿ ರಾಜ್‌ಕುಮಾರ್ ಮಾತು ಕೇಳಲು ಹೋದವರು. ‘ಆಗ ನಾನೂ ಇದ್ದೆ ಅನ್ನೋರು ವರ್ಷಾ ವರ್ಷಾ ಜಾಸ್ತಿ ಆಗ್ತಾರೆ’ ಅಂದು ಸುಮ್ಮನಾದರು. ಅವರಿಗೆ ಈ ಸಿನಿಮಾ ತುಂಬ ನಾಟಿತು, ಉಳಿದವರಿಗೆ ಮಾತು ಜಾಸ್ತಿ ಅನ್ನಿಸಿತು.

ಹಂಗೇರಿಯ ‘ದಿ ವಿಟ್ನೆಸ್’ ಇದಕ್ಕೆ ಪರ್ಯಾಯ. ಪೀಟರ್ ಬಾಚೊ 1969ರಲ್ಲಿ ತೆಗೆದದ್ದು, ನಿಷೇಧಕ್ಕೆ ಸಿಕ್ಕಿ ಹತ್ತು ವರ್ಷ ಡಬ್ಬದೊಳಗೇ ಇತ್ತು. ನದಿಯ ಏರಿ ಕಾಯುವ ಪೆಲಿಕಾನ್ ಅನ್ನುವ ಮುಗ್ಧನನ್ನು ಆಳುವ ಕಮ್ಯುನಿಸ್ಟ್ ಪಕ್ಷದವರು ಒಂದಾದ ಮೇಲೊಂದು ಹುದ್ದೆಗೆ ಏರಿಸುತ್ತಾರೆ. ಅವನನ್ನು ಕಿತ್ತಳೆ ಸಂಶೋಧನೆಗೂ ಹಾಕುತ್ತಾರೆ. ಬೆಳೆದ ಒಂದೇ ಒಂದು ಕಿತ್ತಳೆಯನ್ನು ಅವನ ಮಗು ತಿಂದುಬಿಡುತ್ತದೆ, ಸಮಾರಂಭದಲ್ಲಿ ನಿಂಬೆಹಣ್ಣು ಕೊಡಬೇಕಾಗುತ್ತದೆ: ಕೊಂಚ ಹಳದಿ, ಕೊಂಚ ಹುಳಿ, ಆದರೂ ನಮ್ಮದೇ! ಈ ಮಾತು ಹಂಗೇರಿಯಲ್ಲಿ ಗಾದೆಯಾಗಿದೆ, ‘ಹಂಗೇರಿಯ ಕಿತ್ತಳೆ’ ಅನ್ನುವ ಹೆಸರಿನ ವಾರಪತ್ರಿಕೆಯೇ ಅಲ್ಲಿದೆ. ಪ್ರಸಂಗದ ಮೇಲೆ ಪ್ರಸಂಗ ಬರುವುದರಿಂದ ಗುಂಪಿಗೆ ಇದು ರುಮೇನಿಯಾದ್ದಕ್ಕಿಂತ ಸಲೀಸು.

ಇನ್ನುಳಿದವು

ಇರಾನಿನ ‘ದಿ ಲಿಜರ್ಡ್’ (2004, ಕಮಾಲ್ ತಬ್ರೀಜಿ): ಧರ್ಮಗುರುವಿನ ನಿಲುವಂಗಿ ತೊಟ್ಟು ತಪ್ಪಿಸಿಕೊಂಡ ಕಳ್ಳ, ಹೋದಲ್ಲೆಲ್ಲ ಜನರಿಗೆ ಬುದ್ಧಿ ಹೇಳಬೇಕಾಗುತ್ತದೆ. ಇಡೀ ಮನೆ ಕೂತು ನೋಡಬಹುದಾದದ್ದು, ಹಾಗಂತ ಮೊನಚು ಕಡಿಮೆಯಿಲ್ಲ. ಸೆನೆಗಲ್‌ನ ‘ಖಾಲಾ’ (1975, ಉಸ್ಮಾನ್ ಸೆಂಬೆನ್) ದೊಡ್ಡವರಿಗೆ ಮಾತ್ರ. ಸ್ವಾತಂತ್ರ್ಯ ಬಂದ ಮೇಲೆ ಬಿಳಿಯರ ಕುರ್ಚಿಯಲ್ಲಿ ಕೂತ ವ್ಯಾಪಾರಿ, ಮೂರನೇ ಮದುವೆಯ ರಾತ್ರಿ ಶಾಪಕ್ಕೆ ಗುರಿಯಾಗುತ್ತಾನೆ. ಇಲ್ಲಿನ ಕೋಪ ಎಲ್ಲಕ್ಕಿಂತ ಹೆಚ್ಚು. ಉರುಗ್ವೆಯ ‘ವಿಸ್ಕಿ’ (2004) ಅತ್ತ ಕಡೆಯ ತುದಿ: ಕಾಲುಚೀಲದ ಕಾರ್ಖಾನೆಯವನು ತಮ್ಮ ಬರುತ್ತಾನೆ ಅಂತ ಕೆಲಸದವಳನ್ನು ಹೆಂಡತಿಯಾಗಿ ನಟಿಸಲು ಕೇಳುತ್ತಾನೆ. ತುಟಿಯಂಚಿನ ನಗುವಷ್ಟೇ. ಒಬ್ಬರೇ ಇರುವ ರಾತ್ರಿಗೆ ಚೆನ್ನ.

ಬಸ್ಸು

ಕೊನೆಗೆ ಇಟ್ಟುಕೊಂಡದ್ದು ಯುಗೊಸ್ಲಾವಿಯಾದ ‘ಹೂ ಈಸ್ ಸಿಂಗಿಂಗ್ ಓವರ್ ದೇರ್’. 1980, ನಿರ್ದೇಶಕ ಸ್ಲೊಬೊದಾನ್ ಶಿಯಾನ್, ಬರೆದವರು ದುಶಾನ್ ಕೊವಾಚೆವಿಚ್. 1941ರ ಏಪ್ರಿಲ್ 5, ಶನಿವಾರ. ಹಳ್ಳಿಯಿಂದ ಬೆಲ್‌ಗ್ರೇಡ್‌ಗೆ ಹೊರಟ ಲಡಕಾಸಿ ಬಸ್ಸು. ಅಪ್ಪ ಕಂಡಕ್ಟರ್, ಮಗ ಡ್ರೈವರ್. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಿಸಬಲ್ಲ ಅಂತ ಬಾಜಿ ಕಟ್ಟಿ ಓಡಿಸುತ್ತಾನೆ. ಹಂದಿಗಳೂ ಬಸ್ಸು ಹತ್ತುತ್ತವೆ. ಒಂದು ಕಡೆ ರೈತನೊಬ್ಬ ರಸ್ತೆಯನ್ನೇ ಉತ್ತುಬಿಟ್ಟಿದ್ದಾನೆ, ದಾಟಬೇಕಾದರೆ ದುಡ್ಡು ಕೊಡಬೇಕು. ಹಳೇ ಯುದ್ಧದ ಯೋಧ, ಜರ್ಮನಿಯನ್ನು ಹೊಗಳುವ ಗರ್ವಿ, ಬೇಟೆಗಾರ, ಹಾಡುಗಾರ, ಹೊಸ ಜೋಡಿ, ಎಲ್ಲರೂ ಕಚ್ಚಾಡುತ್ತಾ ಸಾಗುತ್ತಾರೆ. ಅಕಾರ್ಡಿಯನ್ ಹಿಡಿದ ರೋಮಾ (ಜಿಪ್ಸಿ) ಅಲೆಮಾರಿ ಮತ್ತು ಅವನ ಜೊತೆಗಿನ ಹುಡುಗ ನೇರ ಕ್ಯಾಮೆರಾ ನೋಡಿ ಹಾಡುತ್ತಾರೆ.

ಮೆಜೆಸ್ಟಿಕ್‌ನಿಂದ ಊರಿಗೆ ಹಬ್ಬದ ಹಿಂದಿನ ರಾತ್ರಿ ನಿಂತು ಹೋದವರಿಗೆ ಈ ಬಸ್ಸು ಗೊತ್ತು. ಕಿಟಕಿ ಸೀಟಿನ ಜಗಳ, ಚಿಲ್ಲರೆಯ ಜಗಳ, ಆಮೇಲೆ ಒಬ್ಬರ ಬುತ್ತಿ ಇನ್ನೊಬ್ಬರಿಗೆ. ಆದರೆ ಈ ಬಸ್ಸಿನವರು ಜೇಬುಗಳ್ಳತನದ ಅನುಮಾನ ಬಂದ ಕೂಡಲೇ ತಿರುಗಿಬೀಳುವುದು ಆ ಇಬ್ಬರು ಹಾಡುಗಾರರ ಮೇಲೆ. ಮರುದಿನ, ಏಪ್ರಿಲ್ 6ರ ಬೆಳಿಗ್ಗೆ, ಜರ್ಮನ್ ವಿಮಾನಗಳು ಬೆಲ್‌ಗ್ರೇಡ್ ಮೇಲೆ ಬಾಂಬ್ ಹಾಕಿದವು. ಅದು ಇತಿಹಾಸ. ನೋಡುವ ನಮಗೆ ಗೊತ್ತು, ಬಸ್ಸಿನಲ್ಲಿರುವವರಿಗೆ ಗೊತ್ತಿಲ್ಲ. ಆ ತಾರೀಖನ್ನು ಸಿನಿಮಾ ಶುರುವಾಗುವ ಮುಂಚೆ ಎಲ್ಲರಿಗೂ ಹೇಳಿಬಿಡಿ, ಆಗ ಪ್ರತಿ ಜಗಳದ ತೂಕವೂ ಬದಲಾಗುತ್ತದೆ. ಹೊಸ ಜೋಡಿಯನ್ನು ಎಲ್ಲರೂ ಕದ್ದು ನೋಡುವ ದೃಶ್ಯವೊಂದಿದೆ, ಸಣ್ಣ ಮಕ್ಕಳಿದ್ದರೆ ದಾಟಿಸಿ.

ಇವೆಲ್ಲ ಎಲ್ಲಿ ಸಿಗುತ್ತವೆ ಅಂತ ಕೇಳುವವರಿಗೆ: ಬನಶಂಕರಿಯಲ್ಲಿ 1971ರಿಂದ ನಡೆದುಕೊಂಡು ಬಂದಿರುವ ಸುಚಿತ್ರಾ ಫಿಲ್ಮ್ ಸೊಸೈಟಿ, ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಗಳ ಕಾರ್ಯಕ್ರಮ ಪಟ್ಟಿ ನೋಡುತ್ತಿರಿ, ಬೆಂಗಳೂರು ಚಲನಚಿತ್ರೋತ್ಸವದ ಹಳೆಯ ಚಿತ್ರಗಳ ವಿಭಾಗವನ್ನೂ ಬಿಡಬೇಡಿ. ಮನೆಯಲ್ಲಿ ಹಾಕುವುದಾದರೆ ಹುಡುಕುವಾಗ ವರ್ಷವನ್ನೂ ನಿರ್ದೇಶಕರ ಹೆಸರನ್ನೂ ಸೇರಿಸಿ, ಇಂಗ್ಲಿಷ್ ಹೆಸರು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಸಬ್‌ಟೈಟಲ್ ಬಣ್ಣವನ್ನು ಹಳದಿಗೆ ಬದಲಿಸಿಕೊಳ್ಳಿ. ಫಾರ್ಮನ್ ಸಿನಿಮಾದ ಹಿಮದ ಮೇಲೆ ಬಿಳಿ ಅಕ್ಷರ ಕಾಣದೆ ಅಕ್ಕನ ಮಗಳು ಮೂರು ನಿಮಿಷ ಸುಮ್ಮನೆ ಕೂರಬೇಕಾಯಿತು. ಬೀದಿದೀಪ ಗೋಡೆಗೆ ಬೀಳುವ ತಾರಸಿಯಾದರೆ ಕ್ಯೂಬಾದ ಸಿನಿಮಾದ ರಾತ್ರಿ ದೃಶ್ಯಗಳು ಮಂಕಾಗುತ್ತವೆ, ಅದನ್ನು ಒಳಗೆ ಹಾಲಿನಲ್ಲೇ ನೋಡಿ.

ಬಸ್ಸಿನ ಸಿನಿಮಾ ಹಾಕುವ ದಿನ ಊಟ ಮೊದಲೇ ಮುಗಿಸಿಕೊಳ್ಳಿ. ನಮ್ಮಲ್ಲಿ ಅವತ್ತು ಬಿಸಿಬೇಳೆಬಾತ್ ಕೆಳಗೆ ಆರುತ್ತಿತ್ತು, ಪ್ರೊಜೆಕ್ಟರ್ ಆರಿಸಿದ ಮೇಲೂ ಯಾರೂ ಏಳಲಿಲ್ಲ. ಮೇಷ್ಟ್ರ ಮೊಮ್ಮಗ ಮಾತ್ರ ಆ ರೋಮಾ ಹಾಡುಗಾರರ ರಾಗವನ್ನು ಬಾಯಲ್ಲೇ ಗುನುಗುತ್ತಿದ್ದ.